ತಪ್ಪು ನಮ್ಮದು ಎಂದು ಬರೆದ ಕಾಗದ

ನಾನು ನಿವೃತ್ತಳಾದ ದಿನ ವೇದಿಕೆಯ ಮೇಲಿದ್ದವರೆಲ್ಲ ಒಂದೇ ಮಾತನ್ನು ಬೇರೆ ಬೇರೆ ಬಗೆಯಲ್ಲಿ ಹೇಳಿದರು: ವಸುಂಧರಾ ಮೇಡಂ ಸೌಮ್ಯ ಸ್ವಭಾವದವರು, ಇಷ್ಟು ವರ್ಷಗಳಲ್ಲಿ ಯಾರಿಗೂ ಎದುರು ಮಾತಾಡಿದವರಲ್ಲ. ಹೆಗಲಿಗೆ ಶಾಲು ಹೊದ್ದು, ಮಡಿಲಲ್ಲಿ ಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ನಾನು ಕೇಳಿಸಿಕೊಂಡೆ. ಆದರೆ ಅದು ಸುಳ್ಳು. ಹಾಗೆ ಹೊಗಳಿದವರಲ್ಲಿ ಇಬ್ಬರೊಂದಿಗೆ ನಾನು ಬಾಗಿಲು ಹಾಕಿಕೊಂಡು ಜಗಳವಾಡಿದ್ದೇನೆ, ಒಬ್ಬರೊಂದಿಗೆ ಬಾಗಿಲು ತೆರೆದಿಟ್ಟುಕೊಂಡೇ ಆಡಿದ್ದೇನೆ. ನನ್ನ ಜಾಗಕ್ಕೆ ಬಂದಿರುವ ಹುಡುಗಿ ಮೊನ್ನೆ ಫೋನ್ ಮಾಡಿ, ಈ ಕೆಲಸದಲ್ಲಿ ಎಲ್ಲರನ್ನೂ ಸಮಾಧಾನವಾಗಿ ಇಟ್ಟುಕೊಳ್ಳುವುದು ಹೇಗೆ ಎಂದು ಕೇಳಿದಳು. ಅದು ನಮ್ಮ ಕೆಲಸವೇ ಅಲ್ಲ ಎಂದು ಹೇಳಿದೆ. ಆಕೆ ಗಾಬರಿಯಾದಳು. ಅದಕ್ಕೇ ಈ ಬರಹ.

ಗಡಿಯಾಚೆ ಆಂಧ್ರದ ಆದೋನಿಯ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ವಿದ್ಯಾರ್ಥಿ ವಿಭಾಗ ನೋಡಿಕೊಳ್ಳುತ್ತಿದ್ದೆ. ಸೇರಿದಾಗ ಬಾಗಿಲ ಮೇಲೆ 'ವಿದ್ಯಾರ್ಥಿ ಸಂಕ್ಷೇಮ' ಎಂದು ತೆಲುಗಿನಲ್ಲಿ ಬರೆದಿತ್ತು. ಆಮೇಲೆ ಅದು 'ಕೌನ್ಸೆಲಿಂಗ್ ಸೆಲ್' ಆಯಿತು, ಕೊನೆಗೆ 'ಸ್ಟೂಡೆಂಟ್ ಅಫೇರ್ಸ್'. ಬೋರ್ಡು ಬದಲಾದರೂ ಕೋಣೆ ಬದಲಾಗಲಿಲ್ಲ. ಅದು ಮೆಟ್ಟಿಲಿನ ಕೆಳಗಿತ್ತು; ಮೇಲೆ ಯಾರಾದರೂ ಓಡಿದರೆ ನನ್ನ ಫೈಲುಗಳ ಮೇಲೆ ಸುಣ್ಣ ಉದುರುತ್ತಿತ್ತು. ಬಸ್ ಪಾಸು, ಹಾಸ್ಟೆಲಿನ ಅನ್ನ, ಆಧಾರ್ ಕಾರ್ಡಿನಲ್ಲಿ ತಪ್ಪಾದ ತಾಯಿಯ ಹೆಸರು, ಬೆಳಿಗ್ಗೆ ಏನೂ ತಿನ್ನದೆ ಬಂದು ಪ್ರಾರ್ಥನೆಯಲ್ಲಿ ಕುಸಿದು ಬಿದ್ದವರು, ಹಿರಿಯ ಹುಡುಗರ ಕಾಟಕ್ಕೆ ಹೆದರಿ ಕಾಂಪೌಂಡಿನ ಹೊರಗೇ ನಿಂತವರು, ಎಲ್ಲ ಆ ಕೋಣೆಗೆ ಬರುತ್ತಿತ್ತು. ಪಾಠ ಹೇಳುವವರು ಮೇಷ್ಟರು. ಪಾಠ ಕೇಳಲು ಮಗು ಬೆಂಚಿನ ಮೇಲೆ ಬಂದು ಕೂರುವಂತೆ ಮಾಡುವವರು ನಾವು. ಇದನ್ನು ಯಾವ ಆದೇಶದಲ್ಲೂ ಬರೆದಿಲ್ಲ, ನಾನು ಬರೆಯುತ್ತಿದ್ದೇನೆ.

ನನ್ನ ಮೊದಲ ಮೇಲಧಿಕಾರಿ ಉಪ ಪ್ರಾಂಶುಪಾಲರಾಗಿದ್ದ ಶೇಷಾಚಾರ್ಯರು. ತೆಲುಗು ಮೇಷ್ಟರು, ಮನೆ ಮಾತು ಕನ್ನಡ, ನಮ್ಮ ಮನೆಯವರ ಹಾಗೆಯೇ. ನಾನು ಸೇರಿದ ವರ್ಷವೇ ಅವರ ಮುಂದೆ ಒಂದು ಪ್ರಕರಣ ಬಂತು. ಆಲೂರು ಕಡೆಯ ಗಾದಿಲಿಂಗ ಎಂಬ ಹುಡುಗ ಭೌತಶಾಸ್ತ್ರದ ಮೇಷ್ಟರಿಗೆ ತರಗತಿಯ ನಡುವೆ 'ನುವ್ವು ಮಳ್ಳೀ ಚೆಪ್ಪು' ಎಂದಿದ್ದ. ನೀನು ಇನ್ನೊಂದು ಸಲ ಹೇಳು ಎಂದರ್ಥ. ಮೇಷ್ಟರನ್ನು ಏಕವಚನದಲ್ಲಿ ಕರೆದದ್ದಕ್ಕೆ ಅವನನ್ನು ಹದಿನೈದು ದಿನ ಹೊರಗಿಡಬೇಕೆಂದು ದೂರು. ಹುಡುಗ ತಲೆ ತಗ್ಗಿಸಿ ನಿಂತಿದ್ದ. ಇಂಗ್ಲಿಷಿನಲ್ಲಿ ಕೇಳಿದರೂ ಇಲ್ಲ, ತೆಲುಗಿನಲ್ಲಿ ಕೇಳಿದರೂ ಇಲ್ಲ, ಬಾಯಿ ಬಿಡಲಿಲ್ಲ. ಶೇಷಾಚಾರ್ಯರು ನನ್ನ ಕಡೆ ನೋಡಿದರು. ನಾನು ಕನ್ನಡದಲ್ಲಿ ಕೇಳಿದೆ.

"ನಾ ತೆಲುಗು ಕಲ್ತದ್ದು ಹತ್ತಿ ಮಾರ್ಕೆಟ್ನಾಗ್ರಿ," ಎಂದ ಅವನು. "ರಜಾದಾಗ ಹತ್ತಿ ಮೂಟಿ ಹೊರಾಕ ಹೋಗ್ತಿದ್ದೆ. ಅಲ್ಲಿ ಎಲ್ಲಾರಿಗೂ ನುವ್ವು ಅಂತಾರ. ಸೇಟ್‌ಗೂ ನುವ್ವು ಅಂತಾರ. ಇನ್ನೊಂದು ಮಾತು ಐತಿ ಅಂತ ನನಗ ಗೊತ್ತಿಲ್ರಿ."

ಶೇಷಾಚಾರ್ಯರು ನಗಲಿಲ್ಲ. ದೂರು ಕೊಟ್ಟ ಮೇಷ್ಟರನ್ನು ಕರೆಸಿ, ಈ ಹುಡುಗ ಪಾಠ ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ ಎಂದು ಕೇಳಿದ್ದಾನೆ, ನಿಮ್ಮ ತರಗತಿಯಲ್ಲಿ ಹಾಗೆ ಕೇಳಿದವರು ಇನ್ನೆಷ್ಟು ಜನ ಇದ್ದಾರೆ ಎಂದು ವಿಚಾರಿಸಿದರು. ದೂರು ಅಲ್ಲಿಗೇ ಮುಗಿಯಿತು. ಆ ವರ್ಷದಿಂದ ಪ್ರತಿ ಜೂನಿನಲ್ಲಿ ಕನ್ನಡ ಶಾಲೆಗಳಿಂದ ಬಂದ ಮಕ್ಕಳನ್ನು ಕೂಡಿಸಿಕೊಂಡು ತೆಲುಗಿನ 'ಮೀರು' ಎಂಬ ಬಹುವಚನದಿಂದ ಶುರುಮಾಡಿ ನಾಲ್ಕು ದಿನ ಪಾಠ ಹೇಳುವುದು ನನ್ನ ಕೆಲಸವಾಯಿತು. ಹೊಳಗುಂದ, ಆಲೂರು ಕಡೆಯ ಮಕ್ಕಳು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಇಲ್ಲಿ ಬಂದು ಇಂಗ್ಲಿಷಿನ ಪುಸ್ತಕ ಹಿಡಿದು, ತೆಲುಗಿನಲ್ಲಿ ಅದರ ವಿವರಣೆ ಕೇಳುತ್ತಾರೆ. ಅವರು ಮಾತಾಡದಿದ್ದರೆ ದಡ್ಡರು ಎನ್ನುತ್ತಾರೆ, ಮಾತಾಡಿದರೆ ಸೊಕ್ಕಿನವರು ಎನ್ನುತ್ತಾರೆ. ಈ ಕೆಲಸಕ್ಕೆ ಬಂದ ನೀವು ಆ ಎರಡರಲ್ಲಿ ಯಾವುದನ್ನೂ ನಂಬಬೇಡಿ.

ಇಷ್ಟು ಹೇಳಿದ ಮೇಲೆ, ನಾನೇ ಒಂದು ಹುಡುಗಿಗೆ ಏನು ಮಾಡಿದೆ ಎಂಬುದನ್ನೂ ಹೇಳಬೇಕು.

ನನ್ನ ನಿವೃತ್ತಿಗೆ ನಾಲ್ಕು ವರ್ಷ ಇದ್ದಾಗ ಹೊಸ ಪ್ರಿನ್ಸಿಪಾಲರು ಬಂದರು. ಅವರ ಜೊತೆಗೇ ಎಂಬಂತೆ ಬೆರಳಚ್ಚಿನ ಯಂತ್ರವೂ ಬಂತು. ಅದುವರೆಗೆ ಮೇಷ್ಟರು ಹೆಸರು ಕೂಗಿ ಹಾಜರಿ ಹಾಕುತ್ತಿದ್ದರು. ತಿಂಗಳ ಕೊನೆಗೆ ಆ ಪುಸ್ತಕಗಳನ್ನೆಲ್ಲ ಕೂಡಿಸಿ ಲೆಕ್ಕ ತೆಗೆಯುವುದು ನನ್ನ ತಲೆಗೆ ಬರುತ್ತಿತ್ತು. ಈಗ ಮುಖ್ಯ ದ್ವಾರದ ಬಳಿ ಗೋಡೆಗೆ ಒಂದು ಕಪ್ಪು ಪೆಟ್ಟಿಗೆ. ಬಂದವರು ಹೆಬ್ಬೆರಳು ಒತ್ತಿದರೆ ಹಸಿರು ದೀಪ ಬೆಳಗಿ, ಹಾಜರಿ ಕಂಪ್ಯೂಟರಿಗೆ ಹೋಗುತ್ತಿತ್ತು. ಕೊರತೆ ಬಿದ್ದವರ ಮನೆಗೆ ಅದೇ ಕಾಗದ ಸಿದ್ಧಮಾಡಿ ಕೊಡುತ್ತಿತ್ತು, ನಾನು ಸಹಿ ಹಾಕಿ ಅಂಚೆಗೆ ಹಾಕಿಸಿದರೆ ಮುಗಿಯಿತು. ಮೇಷ್ಟರು ಹೆಸರು ಕೂಗುವುದನ್ನು ಬಿಟ್ಟರು. ಅದನ್ನು ಆಗ ವಿರೋಧಿಸಿದೆ ಎಂದು ಬರೆಯಲು ನನಗೂ ಆಸೆ. ಆದರೆ ನಾನು ವಿರೋಧಿಸಲಿಲ್ಲ. ಕೆಲಸ ಕಡಿಮೆಯಾಯಿತೆಂದು ಖುಷಿಪಟ್ಟೆ.

ಹತ್ತಿ ಬಿಡಿಸುವ ಕಾಲದಲ್ಲಿ ಒಂದು ಬೆಳಿಗ್ಗೆ ಎರಡನೆಯ ವರ್ಷದ ಬಿಎಸ್ಸಿಯ ಈರಮ್ಮ ನನ್ನ ಕೋಣೆಗೆ ಬಂದಳು. ಉರುಕುಂದದ ದೇವರು ಈರಣ್ಣನ ಹೆಸರನ್ನು ಮಕ್ಕಳಿಗೆ ಇಡುವುದು ನಮ್ಮಲ್ಲಿ ಎಷ್ಟು ಹೆಚ್ಚೆಂದರೆ, ಒಂದೊಂದು ತರಗತಿಯಲ್ಲೂ ಎರಡು ಮೂರು ಈರಣ್ಣ, ಈರಮ್ಮ ಇರುತ್ತಾರೆ. ಇವಳು ಕಂಬಳಿ ಈರಮ್ಮ. ಹೊಳಗುಂದದ ಆಚೆಯ ಒಂದು ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ತಂದೆ ಕುರಿ ಸಾಕುವವರು. ಯಂತ್ರ ತನ್ನ ಬೆರಳನ್ನು ಹಿಡಿಯುತ್ತಿಲ್ಲ, ನಾಲ್ಕು ಸಲ ಒತ್ತಿದರೂ ಕೆಂಪು ದೀಪವೇ ಬರುತ್ತದೆ, ಹಿಂದಿದ್ದವರು ಬೈಯುತ್ತಾರೆ, ಅದಕ್ಕೆ ಹಾಗೆಯೇ ತರಗತಿಗೆ ಹೋಗುತ್ತೇನೆ ಎಂದಳು. ನನ್ನ ಮುಂದೆ ಹಾಸ್ಟೆಲಿನ ನೀರಿನ ಜಗಳದ ಅರ್ಜಿಗಳಿದ್ದವು. ತಲೆಯೆತ್ತದೆ, ಕೈ ತೊಳೆದುಕೊಂಡು ಒತ್ತು ಎಂದೆ. ಆಯ್ತ್ರಿ ಎಂದು ಹೋದಳು. ಆಕೆಯ ಕೈಯನ್ನು ನಾನು ನೋಡಲಿಲ್ಲ.

ಮುಂದಿನ ತಿಂಗಳು ಕಂಪ್ಯೂಟರು ಕೊಟ್ಟ ಕಾಗದಗಳ ಕಟ್ಟಿಗೆ ಸಹಿ ಹಾಕಿದೆ. ಅದರಲ್ಲಿ ಆಕೆಯದೂ ಇತ್ತು. ನಲವತ್ತೊಂದು ದಿನಗಳಿಂದ ನಿಮ್ಮ ಮಗಳು ಕಾಲೇಜಿಗೆ ಬಂದಿಲ್ಲ, ಆಕೆ ಎಲ್ಲಿದ್ದಾಳೆ ಎಂಬುದಕ್ಕೆ ಕಾಲೇಜು ಜವಾಬ್ದಾರಿಯಲ್ಲ ಎಂದು ತೆಲುಗಿನಲ್ಲಿ ಅಚ್ಚಾಗಿತ್ತು. ಹೆಸರು ಓದಿದ್ದರೆ ನೆನಪಾಗುತ್ತಿತ್ತೋ ಏನೋ. ಓದಲಿಲ್ಲ.

ಹದಿನೈದು ದಿನ ಕಳೆದ ಮೇಲೆ ಹೊಳಗುಂದದ ಬಸ್ಸಿನಲ್ಲೇ ಬರುವ ಇನ್ನೊಬ್ಬ ಹುಡುಗಿ ಪಾಸಿನ ಅರ್ಜಿ ಕೊಡಲು ಬಂದಳು. ನಿಮ್ಮೂರ ಕಡೆಯಿಂದ ಒಂದೇ ಅರ್ಜಿ ಬಂದಿದೆ, ಇನ್ನೊಬ್ಬಳು ಎಲ್ಲಿ ಎಂದು ಕೇಳಿದೆ.

"ಆಕಿನ್ನ ಕಾಲೇಜ್ ಬಿಡಿಸ್ಯಾರ್ರಿ ಮೇಡಂ," ಎಂದಳು. "ನಿಮ್ಮ ಕಾಗದ ಬಂತಲ್ರಿ, ಆಕಿ ಅಪ್ಪಗ ತೆಲುಗು ಓದಾಕ ಬರಂಗಿಲ್ಲ, ಅದನ್ನ ಹೋಟೆಲ್ ಮುಂದ ಓದಿಸ್ಯಾರ. ದಿನಾ ಬಸ್ ಹತ್ತಿ ಎಲ್ಲಿಗೆ ಹೋಗ್ತಿದ್ಲು ಅಂತ ಊರಾಗೆಲ್ಲ ಅದಾ ಮಾತು."

ಆ ಮಧ್ಯಾಹ್ನವೇ ಸಸ್ಯಶಾಸ್ತ್ರದ ಮೇಷ್ಟರ ಹತ್ತಿರ ಹೋಗಿ ಪ್ರಾಯೋಗಿಕ ತರಗತಿಯ ಪುಸ್ತಕಗಳನ್ನು ತೆಗೆಸಿದೆ. ಈರಮ್ಮನ ಪುಸ್ತಕದಲ್ಲಿ ಎಲೆ, ಬೇರು, ಹೂವಿನ ಅಡ್ಡಸೀಳುಗಳ ಚಿತ್ರಗಳಿದ್ದವು. ಪ್ರತಿ ಚಿತ್ರದ ಕೆಳಗೆ ಮೇಷ್ಟರ ಸಹಿ, ತಾರೀಖು. ಯಂತ್ರ ಗೈರುಹಾಜರಿ ಎಂದು ಹೇಳಿದ ದಿನಗಳಲ್ಲಿ ಆಕೆ ಸೂಕ್ಷ್ಮದರ್ಶಕದ ಮುಂದೆ ಕೂತು ಚಿತ್ರ ಬರೆದಿದ್ದಳು. ಆ ಹುಡುಗಿ ಒಂದು ದಿನವೂ ತಪ್ಪಿಸಿದವಳಲ್ಲ ಎಂದು ಮೇಷ್ಟರು ಹೇಳಿದರು. ಮತ್ತೇಕೆ ನನಗೆ ತಿಳಿಸಲಿಲ್ಲ ಎಂದರೆ, ಹಾಜರಿ ಈಗ ನಮ್ಮ ಕೆಲಸವಲ್ಲವಲ್ಲ ಮೇಡಂ ಎಂದರು.

ಪುಸ್ತಕ ಹಿಡಿದು ಪ್ರಿನ್ಸಿಪಾಲರ ಕೋಣೆಗೆ ಹೋದೆ. ಅವರು ಕೆಟ್ಟ ಮನುಷ್ಯರಲ್ಲ. ಹುಡುಗಿಯ ಬಗ್ಗೆ ನಿಜವಾಗಿಯೂ ಅಯ್ಯೋ ಎಂದರು. ಆದರೆ ಮುಂದಿನ ತಿಂಗಳು ಕಾಲೇಜನ್ನು ಪರಿಶೀಲಿಸಲು ಸಮಿತಿ ಬರುವುದಿತ್ತು. ಯಂತ್ರದ ಹಾಜರಿಯನ್ನು ನಮ್ಮ ದೊಡ್ಡ ಸಾಧನೆ ಎಂದು ವರದಿಯಲ್ಲಿ ಬರೆದಾಗಿತ್ತು. ಒಬ್ಬಳ ವಿಷಯದಲ್ಲಿ ಅದು ಸುಳ್ಳು ಎಂದು ಒಪ್ಪಿಕೊಂಡರೆ ಎಲ್ಲರ ವಿಷಯದಲ್ಲೂ ಪ್ರಶ್ನೆ ಏಳುತ್ತದೆ ಎಂದರು. ನೀವು ಊರಿಗೆ ಹೋಗಿ ಸಮಾಧಾನ ಹೇಳಿ, ಹುಡುಗಿಯನ್ನು ಕರೆತನ್ನಿ, ನಾನು ಸೇರಿಸಿಕೊಳ್ಳುತ್ತೇನೆ. ಅಷ್ಟು ಹೇಳಿ, ನಾನು ಬಾಗಿಲ ಬಳಿ ಹೋದಾಗ ಮತ್ತೆ ಕರೆದು, "ನೋಟಿತೋ ಚೆಪ್ಪಂಡಿ, ಪೇಪರ್ ಮೀದ ವದ್ದು," ಎಂದರು. ಬಾಯಲ್ಲಿ ಹೇಳಿ, ಕಾಗದದ ಮೇಲೆ ಬೇಡ.

ಮರುದಿನ ರಜೆ ಹಾಕಿ ಬಸ್ಸು ಹತ್ತಿದೆ. ಹೊಳಗುಂದದಲ್ಲಿ ಇಳಿದು ಆಟೊ ಹಿಡಿದೆ. ದಾರಿಯ ಎರಡೂ ಬದಿಗೆ ಹತ್ತಿ ಒಡೆದು ನಿಂತಿತ್ತು, ಹೆಂಗಸರು ಸೊಂಟಕ್ಕೆ ಸೀರೆಯ ಜೋಳಿಗೆ ಕಟ್ಟಿಕೊಂಡು ಬಿಡಿಸುತ್ತಿದ್ದರು. ಈರಮ್ಮನ ತಂದೆ ಮಲ್ಲಯ್ಯ ಮನೆಯ ಪಕ್ಕದ ಹಟ್ಟಿಯಲ್ಲಿ ಒಂದು ಕುರಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಗೊರಸು ಕೆರೆಯುತ್ತಿದ್ದರು. ನಾನು ಯಾರೆಂದು ಹೇಳಿದೆ. ಅವರು ಏಳಲಿಲ್ಲ, ಬೈಯಲೂ ಇಲ್ಲ. ಹೆಂಡತಿಗೆ ಹೇಳಿ ಒಂದು ಚಾಪೆ ತರಿಸಿದರು. ನಾನು ಪ್ರಾಯೋಗಿಕ ಪುಸ್ತಕ ಬಿಚ್ಚಿ ತಾರೀಖುಗಳನ್ನು ತೋರಿಸಿದೆ. ನಿಮ್ಮ ಮಗಳು ದಿನಾ ಬಂದಿದ್ದಾಳೆ, ಯಂತ್ರದ ತಪ್ಪು, ನಮ್ಮ ತಪ್ಪು ಎಂದೆ.

ಅವರು ಗೊರಸು ಕೆರೆಯುವುದನ್ನು ಮುಗಿಸಿ, ಕುರಿಯನ್ನು ಬಿಟ್ಟು, ಕೈ ಒರೆಸಿಕೊಂಡರು.

"ನೀವು ಹೇಳೋದು ನಾ ನಂಬ್ತೀನ್ರಿ," ಎಂದರು. "ನನ್ನ ಮಗಳನ್ನ ನಾ ಮೊದ್ಲಾ ನಂಬೀನಿ. ಆದ್ರ ಕಾಗದ ಓದಿದ್ದು ಹೋಟೆಲ್ ಮುಂದ. ಇಪ್ಪತ್ತು ಮಂದಿ ಕೇಳ್ಯಾರ. ಈಗ ನೀವು ಬಂದು ನನ್ನ ಕಿವ್ಯಾಗ ಹೇಳಿ ಹೋದ್ರ, ಅವ್ರು ಏನಂತಾರ? ಕಾಲೇಜ್ನಾಕಿನ್ನ ಕರ್ಸಿ ಮುಚ್ಚಿ ಹಾಕ್ಯಾನ ಅಂತಾರ. ಮಗಳನ್ನ ಸಿರುಗುಪ್ಪದ ಕಡೆ ಮದ್ವಿ ಮಾಡಿ ಕೊಡಾಕ ಮಾತಾಡೀವಿ. ನನಗ ಬ್ಯಾರೆ ದಾರಿ ಕಾಣ್ಲಿಲ್ಲ. ಕಾಗದದಾಗ ಬಂದಿದ್ದು ಕಾಗದದಾಗಾ ವಾಪಸ್ ಆಗ್ಬೇಕ್ರಿ."

ಈರಮ್ಮ ಒಳಗಿನ ಬಾಗಿಲ ಬಳಿ ನಿಂತಿದ್ದಳು. ಒಂದು ಮಾತು ಆಡಲೆಂದು ನಾನು ಎದ್ದು ಅಲ್ಲಿಗೆ ಹೋದೆ. ಆಕೆ ನನ್ನ ಮುಖ ನೋಡಲಿಲ್ಲ.

"ನಾ ನಿಮಗ ಹೇಳಿದ್ದೆ," ಎಂದಳು. "ನೀವು ಕೈ ತೊಳ್ಕೊ ಅಂದ್ರಿ. ನಾ ತೊಳ್ಕೊಂಡಾ ಬಂದಿದ್ದೆ ಮೇಡಂ."

ಆಗ ಕೈ ಮುಂದೆ ಚಾಚಿದಳು. ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಒಣಗಿದ ಹತ್ತಿಕಾಯಿಯ ಅಂಚು ಚೂಪಾಗಿರುತ್ತದೆ. ರವಿವಾರಗಳಲ್ಲಿ, ಸಂಜೆ ಕಾಲೇಜಿನಿಂದ ಬಂದ ಮೇಲೆ ತಾಯಿಯ ಜೊತೆ ಬಿಡಿಸಿ ಬಿಡಿಸಿ ಆಕೆಯ ಚರ್ಮ ಸುಲಿದು, ಮತ್ತೆ ಗಟ್ಟಿಯಾಗಿ, ನುಣ್ಣಗಾಗಿತ್ತು. ಆ ಕೈಯನ್ನು ಹಿಡಿದುಕೊಂಡು ತಪ್ಪು ನಂದು ಎಂದೆ. ಆಕೆ ಕೈ ಬಿಡಿಸಿಕೊಂಡು ಒಳಗೆ ಹೋದಳು.

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಬಂದದ್ದು ಅಳುವಲ್ಲ, ಸಿಟ್ಟು. ಆ ಸಿಟ್ಟಿನಲ್ಲಿ ಮೊದಲ ಪಾಲು ನನ್ನ ಮೇಲೆಯೇ ಇತ್ತು. ಆದರೆ ಪೂರ್ತಿ ನನ್ನ ಮೇಲೆ ಹಾಕಿಕೊಂಡು ಮನೆಯಲ್ಲಿ ಕೂತು ಕೊರಗಿದರೆ ಯಾರಿಗೆ ಲಾಭ? ಆ ಹುಡುಗಿಗೆ ಬೇಕಾದದ್ದು ನನ್ನ ಕೊರಗಲ್ಲ, ಒಂದು ಹಾಳೆ.

ಮಾರನೆಯ ಬೆಳಿಗ್ಗೆ ಕಾಲೇಜಿನ ಅಚ್ಚು ಹಾಳೆ ತೆಗೆದುಕೊಂಡು ಕೈಬರಹದಲ್ಲಿ ಬರೆದೆ. ಆ ಮನೆಯವರು ಓದಬಲ್ಲ ಭಾಷೆ ಕನ್ನಡ, ಅದಕ್ಕೆ ಕನ್ನಡದಲ್ಲಿ ಬರೆದೆ: 'ಕಂಬಳಿ ಈರಮ್ಮ ಎಲ್ಲ ದಿನವೂ ಕಾಲೇಜಿಗೆ ಬಂದಿದ್ದಾಳೆ. ಆಕೆಯ ಬೆರಳ ಗುರುತನ್ನು ಕಾಲೇಜಿನ ಯಂತ್ರ ಹಿಡಿಯಲಿಲ್ಲ. ಆಕೆ ಬಂದು ಹೇಳಿದಾಗ ಈ ಕಚೇರಿ ಕೇಳಲಿಲ್ಲ. ಹಿಂದಿನ ಕಾಗದದಲ್ಲಿ ಬರೆದದ್ದು ಸುಳ್ಳು. ತಪ್ಪು ನಮ್ಮದು.' ಸಹಿ ಹಾಕಿ, ಕಚೇರಿಯ ಮುದ್ರೆ ಒತ್ತಿದೆ. ಅದರ ಪ್ರತಿಯನ್ನು ಪ್ರಿನ್ಸಿಪಾಲರ ಮೇಜಿನ ಮೇಲೆ ಇಟ್ಟು ಬಸ್ ನಿಲ್ದಾಣಕ್ಕೆ ಹೋದೆ. ಕದ್ದು ಮಾಡಿದೆ ಎಂಬ ಮಾತು ಬರಬಾರದಿತ್ತು.

ಊರಿನಲ್ಲಿ ಮಲ್ಲಯ್ಯನವರನ್ನು ಕರೆದುಕೊಂಡು ನೇರ ಆ ಹೋಟೆಲಿಗೇ ಹೋದೆ. ಬೆಂಚುಗಳ ಮೇಲೆ ಚಹಾ ಕುಡಿಯುತ್ತ ಹತ್ತು ಹನ್ನೆರಡು ಜನ ಇದ್ದರು. ಮೊದಲ ಕಾಗದ ಓದಿದವರು ಯಾರು ಎಂದು ಕೇಳಿದೆ. ಹೋಟೆಲಿನವರು ತಾವೇ ಎಂದರು. ಹಾಗಾದರೆ ಇದನ್ನೂ ನೀವೇ ಓದಿ ಎಂದು ಕೊಟ್ಟೆ. ಅವರು ಕೈ ಒರೆಸಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ, ಗಟ್ಟಿಯಾಗಿ ಓದಿದರು. 'ತಪ್ಪು ನಮ್ಮದು' ಎಂಬಲ್ಲಿಗೆ ಬಂದಾಗ ನಿಲ್ಲಿಸಿ ನನ್ನನ್ನು ನೋಡಿದರು.

"ಇದು ನೀವಾ ಬರ್ದಿದ್ದೇನ್ರಿ?"

ಹೌದು ಎಂದೆ. ಬೆಂಚಿನ ಮೇಲಿದ್ದ ಒಬ್ಬ ಮುದುಕರು, ಸರ್ಕಾರಿ ಮುದ್ರೆ ಇದ್ದ ಕಾಗದದಲ್ಲಿ ಇಂಥ ಮಾತು ತಾವು ಇದುವರೆಗೆ ಕೇಳಿಲ್ಲ ಎಂದರು. ಮಲ್ಲಯ್ಯನವರು ಕಾಗದವನ್ನು ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡರು. ಮುಂದಿನ ಸೋಮವಾರ ಈರಮ್ಮ ಬಸ್ಸಿನಿಂದ ಇಳಿದಳು. ಸಿರುಗುಪ್ಪದ ಮಾತು ಅಲ್ಲಿಗೇ ನಿಂತಿತು.

ನನಗೆ ಮೆಮೊ ಬಂತು. ಅನುಮತಿಯಿಲ್ಲದೆ ಮುದ್ರೆ ಬಳಸಿದ್ದು, ಆಡಳಿತದ ಭಾಷೆಯಲ್ಲದ ಭಾಷೆಯಲ್ಲಿ ಪತ್ರ ಬರೆದದ್ದು, ಸಂಸ್ಥೆಯ ಘನತೆಗೆ ಕುಂದು ತಂದದ್ದು. ಮೂರು ಆರೋಪಗಳಿಗೂ ಉತ್ತರ ಬರೆದೆ. ಉತ್ತರ ಉದ್ಧಟತನದ್ದು ಎಂದು ಇನ್ನೊಂದು ಮೆಮೊ ಬಂತು.

ಇಷ್ಟಕ್ಕೆ ನಿಲ್ಲಿಸಿದ್ದರೆ ಪ್ರಿನ್ಸಿಪಾಲರೂ ಮರೆಯುತ್ತಿದ್ದರೋ ಏನೋ. ಆದರೆ ವರ್ಷದ ಕೊನೆಗೆ, ಹಾಜರಿ ಕೊರತೆಯಿಂದ ಪರೀಕ್ಷೆಗೆ ಕೂರಿಸಬಾರದವರ ಪಟ್ಟಿ ಯಂತ್ರದಿಂದ ಬಂತು. ಸಹಿ ಹಾಕಬೇಕಾದವಳು ನಾನು. ಪೆನ್ನು ಮುಚ್ಚಿಟ್ಟು, ವರಾಂಡದಲ್ಲಿ ಒಂದು ಮೇಜು ಹಾಕಿಸಿ, ಯಾರ ಬೆರಳನ್ನು ಯಂತ್ರ ಹಿಡಿಯುವುದಿಲ್ಲವೋ ಅವರು ಬಂದು ಹೆಸರು ಬರೆಸಿ ಎಂದು ಕನ್ನಡ, ತೆಲುಗು ಎರಡರಲ್ಲೂ ಫಲಕ ಬರೆದು ನಿಲ್ಲಿಸಿದೆ. ಐದಾರು ಜನ ಬರಬಹುದೆಂದುಕೊಂಡಿದ್ದೆ. ಸಾಲು ಮೆಟ್ಟಿಲಿನವರೆಗೆ ಹೋಯಿತು. ಹತ್ತಿ ಬಿಡಿಸುವ ಹುಡುಗಿಯರು, ಸಿಮೆಂಟು ಕಲಸುವ ಹುಡುಗರು, ಬೆಳಿಗ್ಗೆ ಹೋಟೆಲಿನಲ್ಲಿ ಪಾತ್ರೆ ತಿಕ್ಕಿ ಬರುವ ಒಬ್ಬ, ಬೀಡಿ ಸುತ್ತುವ ಒಬ್ಬಳು. ಒಬ್ಬೊಬ್ಬರದೂ ಹೆಬ್ಬೆರಳು ನೋಡಿದೆ. ಒಬ್ಬೊಬ್ಬರ ಪ್ರಾಯೋಗಿಕ ಪುಸ್ತಕವನ್ನೂ ತರಿಸಿ ತಾರೀಖು ತಾಳೆ ನೋಡಿದೆ. ನಿಜವಾಗಿ ತಪ್ಪಿಸಿಕೊಂಡವರೂ ಕೆಲವರು ನುಸುಳಿದ್ದರು, ಅವರನ್ನು ಕಳಿಸಿಬಿಟ್ಟೆ. ಈರಮ್ಮ ಕರೆಯದೆ ಬಂದು ನನ್ನ ಪಕ್ಕ ಕೂತು ಹೆಸರು ಬರೆದುಕೊಂಡಳು. ನಮ್ಮಿಬ್ಬರ ನಡುವೆ ಹಳೆಯ ಮಾತು ಬರಲಿಲ್ಲ.

ಪ್ರಿನ್ಸಿಪಾಲರು ಬಂದು ಮೇಜು ತೆಗೆಸಿ ಎಂದರು. ಪಟ್ಟಿಗೆ ಬೇರೆಯವರ ಸಹಿ ಹಾಕಿಸಿಕೊಳ್ಳಿ, ನಾನು ಹಾಕುವುದಿಲ್ಲ, ಯಾಕೆ ಹಾಕಲಿಲ್ಲ ಎಂದು ಕೇಳುವ ಯಾರಿಗಾದರೂ ಈ ಪುಸ್ತಕಗಳನ್ನೆಲ್ಲ ತೋರಿಸುತ್ತೇನೆ ಎಂದೆ. ಬಾಗಿಲು ತೆರೆದಿಟ್ಟುಕೊಂಡು ಆಡಿದ ಜಗಳ ಇದೇ; ಅಲ್ಲಿ ಬಾಗಿಲೇ ಇರಲಿಲ್ಲ, ವರಾಂಡ. ಆ ವರ್ಷದ ಪಟ್ಟಿಯಿಂದ ಆ ಹೆಸರುಗಳು ಸದ್ದಿಲ್ಲದೆ ಬಿದ್ದುಹೋದವು. ಯಾವ ಆದೇಶವೂ ಹೊರಡಲಿಲ್ಲ. ಜೂನಿನಲ್ಲಿ ತರಗತಿಗಳು ಶುರುವಾದಾಗ ಮೇಷ್ಟರ ಕೈಗೆ ಹಾಜರಿ ಪುಸ್ತಕಗಳು ಮತ್ತೆ ಬಂದವು. ಯಾಕೆ ಎಂದು ಯಾರೂ ಹೇಳಲಿಲ್ಲ. ಯಂತ್ರ ಗೋಡೆಯ ಮೇಲೆ ಹಾಗೆಯೇ ಇದೆ, ಬಂದ ಅತಿಥಿಗಳಿಗೆ ತೋರಿಸುತ್ತಾರೆ.

ನನ್ನನ್ನು ಮಾತ್ರ ಪರೀಕ್ಷಾ ಸಾಮಗ್ರಿಯ ಉಗ್ರಾಣಕ್ಕೆ ಹಾಕಿದರು. ಉತ್ತರ ಪತ್ರಿಕೆಗಳ ಕಟ್ಟುಗಳ ನಡುವೆ ಒಂದು ಕುರ್ಚಿ. ವಿದ್ಯಾರ್ಥಿಗಳ ಗೊಡವೆ ಬೇಡ ಎಂದು ಬಾಯಿಮಾತಿನಲ್ಲಿ ಹೇಳಿದರು, ಕಾಗದದಲ್ಲಿ ಕೊಡಲಿಲ್ಲ. ಹಾಗಾಗಿ ನಾನೂ ಕೇಳಿಸಿಕೊಳ್ಳಲಿಲ್ಲ. ಮಕ್ಕಳು ಉಗ್ರಾಣ ಹುಡುಕಿಕೊಂಡು ಬಂದರು. ಎರಡು ವರ್ಷ ಅಲ್ಲೇ ಬಸ್ ಪಾಸು ಬರೆದೆ, ಅಲ್ಲೇ ಜಗಳ ಬಿಡಿಸಿದೆ, ಜೂನಿನಲ್ಲಿ ಅಲ್ಲೇ ತೆಲುಗು ಪಾಠ ಹೇಳಿದೆ. ಈರಮ್ಮ ಡಿಗ್ರಿ ಮುಗಿಸಿದಳು. ಈಗ ಆಲೂರಿನಲ್ಲಿ ಒಂದು ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂರುತ್ತಾಳೆ. ನನ್ನನ್ನು ಪೂರ್ತಿ ಕ್ಷಮಿಸಿದ್ದಾಳೋ ಇಲ್ಲವೋ, ಕೇಳಿಲ್ಲ.

ನಿವೃತ್ತಿಗೆ ಒಂದು ವಾರ ಇರುವಾಗ ಪ್ರಿನ್ಸಿಪಾಲರು ಕರೆಸಿ ಕೂರಿಸಿ ಚಹಾ ತರಿಸಿದರು. ಸರ್ವಿಸ್ ಪುಸ್ತಕದಲ್ಲಿ ಎರಡು ಮೆಮೊ ಇಟ್ಟುಕೊಂಡು ಹೋಗುವುದು ನಿಮಗೆ ಶೋಭೆಯಲ್ಲ, ನನಗೂ ಬೇಸರ ಎಂದರು. ನನ್ನ ಆ ಕಾಗದವನ್ನು ತೆಲುಗಿಗೆ ಮಾಡಿಸಿ ಫೈಲಿನಲ್ಲಿ ಇಟ್ಟಿದ್ದರು. 'ತಪ್ಪು ಮಾದಿ' ಎಂಬ ಸಾಲಿನ ಮೇಲೆ ಬೆರಳಿಟ್ಟರು. ಮಾದಿ ಎಂದರೆ ನಮ್ಮದು, ನಾದಿ ಎಂದರೆ ನನ್ನದು. ಒಂದೇ ಅಕ್ಷರದ ವ್ಯತ್ಯಾಸ, ಮೇಡಂ, ಎಂದರು. ಅದು ನಾದಿ ಎಂದಿರಬೇಕಿತ್ತು, ಬರೆಯುವಾಗ ಕೈತಪ್ಪಿತು ಎಂದು ಎರಡು ಸಾಲು ಬರೆದುಕೊಡಿ, ಎರಡೂ ಮೆಮೊ ಇವತ್ತೇ ಹರಿದು ಹಾಕುತ್ತೇನೆ ಎಂದರು.

ಚಹಾ ಕುಡಿದು ಮುಗಿಸಿದೆ.

"ನನ್ನ ಪಾಲಿನ ತಪ್ಪನ್ನ ನಾನು ಆ ಹುಡುಗಿ ಮುಂದೆ ನಿಂತು ಒಪ್ಪಿಕೊಂಡು ಬಂದೀನಿ," ಎಂದೆ. "ಉಳಿದದ್ದು ಕಾಲೇಜಿಂದು. ಅದನ್ನ ಹೊತ್ಕೊಂಡು ಮನೆಗೆ ಹೋಗೋಕೆ ನಾನು ತಯಾರಿಲ್ಲ, ಸಾರ್."

ಮೆಮೊಗಳು ಎರಡೂ ಹಾಗೆಯೇ ಇವೆ. ನನ್ನ ಜಾಗಕ್ಕೆ ಬಂದವರು ಆ ಫೈಲನ್ನು ತರಿಸಿಕೊಂಡು ಓದಿ. ಓದಿದ ಮೇಲೆ, ನಿಮ್ಮ ಮುಂದೆ ನಿಂತಿರುವ ಹುಡುಗಿಯ ಕೈಯನ್ನು ತಲೆಯೆತ್ತಿ ನೋಡಿ.